ಹಳೆ ಲಾರಿಯ ಮೀಟರ್ ಬೋರ್ಡ್ ದೀಪಗಳ ವೈರಿಂಗ್ ತೊಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹಳೆ ಲಾರಿ ಅಂದರೆ ಕಂಪ್ಯೂಟರ್ ಇಲ್ಲದ ಗಾಡಿ. ಒಂದೊಂದು ದೀಪಕ್ಕೂ ಒಂದು ವೈರು, ಒಂದು ಬಲ್ಬು, ಆ ಕಡೆ ಒಂದು ಸ್ವಿಚ್ಚು ಇರುತ್ತದೆ. ಇಂಥ ಗಾಡಿಯಲ್ಲಿ ದೋಷ ಹುಡುಕುವುದು ಕಷ್ಟವಲ್ಲ, ತಾಳ್ಮೆ ಬೇಕು ಅಷ್ಟೇ. ದೀಪ ಯಾವಾಗ ಬರುತ್ತೆ, ಯಾವಾಗ ಆರುತ್ತೆ, ಬೇರೆ ಏನನ್ನು ಮುಟ್ಟಿದಾಗ ಬದಲಾಗುತ್ತೆ ಅನ್ನೋದನ್ನು ಸರಿಯಾಗಿ ಗಮನಿಸಿದರೆ ಅರ್ಧ ಕೆಲಸ ಮುಗಿದ ಹಾಗೆ. ಸಾಮಾನು ಬದಲಾಯಿಸುವುದು ಕೊನೆಯ ಕೆಲಸ.

ಕೆಂಪು ದೀಪ ಉರೀತಿದೆ. ಇದು ವೈರಿಂಗ್ ದೋಷವೋ, ನಿಜವಾದ ತೊಂದರೆಯೋ?

ನಿಜವಾದ ತೊಂದರೆ ಅಂತಲೇ ತಿಳಿದು ಶುರು ಮಾಡಿ. "ಅದು ಸುಮ್ನೆ ಉರಿಯುತ್ತೆ, ವೈರಿಂಗ್ ಸರಿ ಇಲ್ಲ" ಅಂತ ಹೇಳಿಕೊಂಡು ಓಡಿಸಿದ ಇಂಜಿನ್‌ಗಳು ಎಷ್ಟೋ ಜಾಮ್ ಆಗಿವೆ. ಆಯಿಲ್ ದೀಪ ಬಂದರೆ ಇಂಜಿನ್ ಆಫ್ ಮಾಡಿ, ಗೇಜ್ ಕಡ್ಡಿ ಎಳೆದು ಆಯಿಲ್ ಮಟ್ಟ ನೋಡಿ. ಬ್ರೇಕ್ ದೀಪ ಬಂದರೆ ಬ್ರೇಕ್ ಆಯಿಲ್ ಅಥವಾ ಗಾಳಿ ಒತ್ತಡ ನೋಡಿ. ಬ್ಯಾಟರಿ ದೀಪ ಬಂದರೆ ಫ್ಯಾನ್ ಬೆಲ್ಟ್ ಇದೆಯೋ ಇಲ್ಲವೋ ನೋಡಿ. ಕೆಲವು ಗಾಡಿಗಳಲ್ಲಿ ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತೆ. ಇದನ್ನೆಲ್ಲ ನೋಡಿ, ಎಲ್ಲ ಸರಿ ಇದೆ ಅಂತ ಖಾತ್ರಿಯಾದ ಮೇಲೆ ವೈರಿನ ಮೇಲೆ ಅನುಮಾನ ಪಡಿ.

ಏನೇನು ಸಾಮಾನು ಬೇಕು?

ಒಂದು ಟೆಸ್ಟ್ ಲ್ಯಾಂಪ್ (ವೈರಿಗೆ ಹಚ್ಚಿ ಕರೆಂಟ್ ಇದೆಯಾ ಅಂತ ನೋಡುವ ದೀಪ), ವೋಲ್ಟ್ ಅಳೆಯಲು ಒಂದು ಸಾಧಾರಣ ಮಲ್ಟಿಮೀಟರ್, ಒಂದು ಉದ್ದದ ವೈರು, ವೈರಿನ ಎರಡೂ ತುದಿಗೆ ಕ್ಲಿಪ್, ಮರಳು ಕಾಗದ, ಕಾಂಟ್ಯಾಕ್ಟ್ ಕ್ಲೀನರ್. ಇಷ್ಟಿದ್ದರೆ ಸಾಕು.

ಟೆಸ್ಟ್ ಲ್ಯಾಂಪ್ ಬಲ್ಬ್ ಇರುವುದನ್ನೇ ತಗೊಳ್ಳಿ, ಎಲ್‌ಇಡಿ ಇರುವುದು ಬೇಡ. ಕಾರಣ ಇದೆ. ಹತ್ತು ಎಳೆ ಇರುವ ವೈರಿನಲ್ಲಿ ಒಂಬತ್ತು ಎಳೆ ಕೊಳೆತು ಒಂದೇ ಎಳೆ ಉಳಿದಿದೆ ಅಂದುಕೊಳ್ಳಿ. ಮಲ್ಟಿಮೀಟರ್ ಹಚ್ಚಿದರೆ ಪೂರ್ತಿ 12 ವೋಲ್ಟ್ ತೋರಿಸುತ್ತೆ, ಯಾಕಂದರೆ ಮೀಟರ್ ಕರೆಂಟ್ ಎಳೆಯುವುದೇ ಇಲ್ಲ ಅನ್ನಬಹುದು. ಎಲ್‌ಇಡಿ ಟೆಸ್ಟರ್ ಕೂಡ ಚೆನ್ನಾಗಿಯೇ ಉರಿಯುತ್ತೆ. ಅದೇ ವೈರಿಗೆ ಒಂದು 21 ವ್ಯಾಟ್ ಬಲ್ಬ್ ಹಚ್ಚಿ, ಮಂಕಾಗಿ ಉರಿಯಬಹುದು ಅಥವಾ ಉರಿಯದೇ ಇರಬಹುದು. ಅಲ್ಲಿ ಸತ್ಯ ಗೊತ್ತಾಗುತ್ತೆ. ಮೀಟರ್ ಲೆಕ್ಕಕ್ಕೆ, ಬಲ್ಬ್ ಪರೀಕ್ಷೆಗೆ. ಎರಡೂ ಬೇಕು.

ಗಾಡಿ 12 ವೋಲ್ಟೋ 24 ವೋಲ್ಟೋ ಅಂತ ಮೊದಲು ನೋಡಿಕೊಳ್ಳಿ. ಎರಡು ಬ್ಯಾಟರಿ ಇದ್ದ ಮಾತ್ರಕ್ಕೆ 24 ಅಲ್ಲ. ಸಣ್ಣ ಲಾರಿಗಳಲ್ಲಿ ಎರಡು ಬ್ಯಾಟರಿಯನ್ನು ಪ್ಯಾರಲಲ್ ಕೂಡಿಸಿ 12 ವೋಲ್ಟ್‌ನಲ್ಲೇ ಓಡಿಸುವುದೂ ಉಂಟು.

ಎಲ್ಲಿಂದ ಶುರು ಮಾಡಬೇಕು?

ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡಬೇಡಿ. ಈಗ ಆಯಿಲ್ ದೀಪ ಮತ್ತು ಬ್ಯಾಟರಿ ದೀಪ ಎರಡೂ ಉರಿಯಬೇಕು. ಹ್ಯಾಂಡ್ ಬ್ರೇಕ್ ಹಾಕಿದ್ದರೆ ಅದರ ದೀಪವೂ ಉರಿಯಬೇಕು. ಉರಿಯದ ದೀಪ ಯಾವುದು ಅಂತ ಒಂದು ಕಾಗದದಲ್ಲಿ ಬರೆದುಕೊಳ್ಳಿ. ಇಂಜಿನ್ ಸ್ಟಾರ್ಟ್ ಮಾಡಿದ ಮೇಲೆ ಆರದ ದೀಪ ಯಾವುದು ಅಂತ ಬೇರೆ ಬರೆಯಿರಿ. ಆಮೇಲೆ ಹೆಡ್‌ಲೈಟ್, ಬ್ರೇಕ್, ಸೈಡ್ ಇಂಡಿಕೇಟರ್, ವೈಪರ್, ಹಾರ್ನ್ ಒಂದೊಂದೇ ಹಾಕಿ, ಮೀಟರ್ ಬೋರ್ಡಿನಲ್ಲಿ ಏನಾದರೂ ಬದಲಾಗುತ್ತಾ ನೋಡಿ.

ಸಂಬಂಧವೇ ಇಲ್ಲದ ಎರಡು ಮೂರು ದೀಪ ಒಟ್ಟಿಗೆ ಕೈಕೊಟ್ಟಿದ್ದರೆ ಅವಕ್ಕೆಲ್ಲ ಸೇರಿದ ಜಾಗದಲ್ಲಿ ದೋಷ ಇದೆ: ಒಂದೇ ಫ್ಯೂಸ್, ಒಂದೇ ಕಪ್ಲರ್ (ವೈರುಗಳನ್ನು ಕೂಡಿಸುವ ಪ್ಲಾಸ್ಟಿಕ್ ಜೋಡಣೆ), ಒಂದೇ ಅರ್ತ್ (ಕರೆಂಟ್ ಗಾಡಿಯ ಲೋಹದ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ). ಒಂದೇ ದೀಪ ಕೈಕೊಟ್ಟಿದ್ದರೆ ಆ ದೀಪದ ವೈರಿನ ದಾರಿಯಲ್ಲೇ ಇದೆ. ಇಷ್ಟನ್ನು ಬಿಟ್ಟು ನೇರ ಡ್ಯಾಶ್‌ಬೋರ್ಡ್ ಬಿಚ್ಚುವವರನ್ನು ನೋಡಿದರೆ ನನಗೆ ಮೈ ಉರಿಯುತ್ತೆ.

ಕೀ ಆನ್ ಮಾಡಿದರೆ ಯಾವ ದೀಪವೂ ಬರುವುದಿಲ್ಲ. ಆದರೆ ಹೆಡ್‌ಲೈಟ್ ಉರಿಯುತ್ತೆ.

ಬ್ಯಾಟರಿ ಸರಿ ಇದೆ, ಕೀ ಸ್ವಿಚ್ಚಿನಿಂದ ಬರುವ ಸಪ್ಲೈ ಇಲ್ಲ. ಮೀಟರ್ ಬೋರ್ಡಿನ ಫ್ಯೂಸ್ ನೋಡಿ. ಕಣ್ಣಿಗೆ ಸರಿ ಕಂಡರೂ ತೆಗೆದು, ಕಾಲುಗಳನ್ನು ಉಜ್ಜಿ, ಮತ್ತೆ ಹಾಕಿ. ಫ್ಯೂಸಿನ ಎರಡೂ ಕಡೆ ಟೆಸ್ಟ್ ಲ್ಯಾಂಪ್ ಹಚ್ಚಿ ನೋಡಿ. ಎರಡೂ ಕಡೆ ಇಲ್ಲ ಅಂದರೆ ಕೀ ಸ್ವಿಚ್ಚಿನ ಹಿಂದಿನ ಕಪ್ಲರ್ ನೋಡಿ. ಅಲ್ಲಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಕರಗಿದ್ದರೆ ಕಪ್ಲರ್ ಬಿಸಿಯಾಗಿ ಕೆಟ್ಟಿದೆ ಅಂತ ಅರ್ಥ.

ಇಂಜಿನ್ ಓಡುತ್ತಿದ್ದರೂ ಆಯಿಲ್ ದೀಪ ಆರುವುದೇ ಇಲ್ಲ. ಆಯಿಲ್ ಮಟ್ಟ ಸರಿ ಇದೆ.

ಮಟ್ಟ ಸರಿ ಇದ್ದರೆ ಒತ್ತಡ ಸರಿ ಇದೆ ಅಂತ ಅಲ್ಲ. ಪಂಪ್ ಸವೆದಿರಬಹುದು, ಆಯಿಲ್ ಸೋಸುವ ಸ್ಟ್ರೈನರ್ ಕಟ್ಟಿರಬಹುದು. ಆದ್ದರಿಂದ ಇಂಜಿನ್ ಆಫ್ ಇರುವಾಗಲೇ ಈ ಕೆಲಸ ಮಾಡಿ.

ಆಯಿಲ್ ಪ್ರೆಶರ್ ಸ್ವಿಚ್ ಇಂಜಿನ್ ಬ್ಲಾಕಿಗೆ ಅಥವಾ ಆಯಿಲ್ ಫಿಲ್ಟರ್ ಹತ್ತಿರ ಕೂತಿರುತ್ತೆ. ಒತ್ತಡ ಇಲ್ಲದಾಗ ಅದು ಒಳಗೇ ಅರ್ತ್ ಕೊಡುತ್ತೆ, ದೀಪ ಉರಿಯುತ್ತೆ. ಒತ್ತಡ ಬಂದಾಗ ಅರ್ತ್ ಬಿಡುತ್ತೆ, ದೀಪ ಆರುತ್ತೆ. ಈಗ ಕೀ ಆನ್ ಮಾಡಿ, ದೀಪ ಉರಿಯಲಿ. ಸ್ವಿಚ್ಚಿನ ಮೇಲಿನ ವೈರನ್ನು ಕಿತ್ತು, ಯಾವ ಲೋಹಕ್ಕೂ ತಾಗದ ಹಾಗೆ ಹಿಡಿಯಿರಿ. ದೀಪ ಆರಿತಾ? ಹಾಗಿದ್ದರೆ ವೈರಿಂಗ್ ಸರಿ ಇದೆ. ತಪ್ಪು ಸ್ವಿಚ್ಚಿನದು, ಇಲ್ಲವೇ ನಿಜಕ್ಕೂ ಒತ್ತಡ ಇಲ್ಲ. ಸ್ವಿಚ್ ಬಿಚ್ಚಿ, ಅದೇ ತೂತಿಗೆ ಕೈ ಗೇಜ್ ಹಾಕಿ ಒತ್ತಡ ಅಳೆಯಿರಿ. ಅಳೆಯದೆ ಹೊಸ ಸ್ವಿಚ್ ಹಾಕಿ ಗಾಡಿ ಹೊರಡಿಸಬೇಡಿ.

ವೈರು ಕಿತ್ತರೂ ದೀಪ ಉರೀತಾನೇ ಇದೆ ಅಂದರೆ ಆ ವೈರು ದಾರಿಯಲ್ಲಿ ಎಲ್ಲೋ ಗಾಡಿಯ ಬಾಡಿಯ ಲೋಹಕ್ಕೆ ತಾಗಿದೆ. ಇಂಜಿನ್ ಪಕ್ಕ ಸೈಲೆನ್ಸರ್ ಪೈಪಿನ ಹತ್ತಿರ ಕರಗಿರಬಹುದು. ಕ್ಯಾಬಿನ್ನಿನ ತಗಡಿನ ತೂತಿನಲ್ಲಿ ರಬ್ಬರ್ ಬುಷ್ ಹೋಗಿ, ತಗಡಿನ ಅಂಚು ವೈರನ್ನು ಕೊಯ್ದಿರಬಹುದು. ಈ ಎರಡು ಜಾಗ ಮೊದಲು ನೋಡಿ.

ಇನ್ನೊಂದು ವಿಷಯ. ಸ್ವಿಚ್ ಒಳಗೆ ಸೋರಿದರೆ ಆಯಿಲ್ ವೈರಿನ ಎಳೆಗಳ ಮಧ್ಯೆ ನುಸುಳಿ ಮೇಲಕ್ಕೆ ಹೋಗುತ್ತೆ. ಸ್ವಿಚ್ಚಿನಿಂದ ಎಷ್ಟೋ ದೂರದ ಕಪ್ಲರ್ ಬಿಚ್ಚಿದಾಗ ಒಳಗೆ ಆಯಿಲ್ ಜಿಡ್ಡು ಕಂಡರೆ ಗಾಬರಿಯಾಗಬೇಡಿ. ಸ್ವಿಚ್ ಬದಲಾಯಿಸಿ, ಜಿಡ್ಡಾದ ವೈರಿನ ತುಂಡನ್ನೂ ಬದಲಾಯಿಸಿ.

ಕೀ ಆನ್ ಮಾಡಿದಾಗ ಆಯಿಲ್ ದೀಪ ಬರುವುದೇ ಇಲ್ಲ. ತೊಂದರೆ ಏನಿಲ್ಲ ಅಲ್ವಾ?

ಇದೇ ದೊಡ್ಡ ತೊಂದರೆ. ನಾಳೆ ಒತ್ತಡ ಹೋದರೆ ಹೇಳೋರೇ ಇಲ್ಲ. ಸ್ವಿಚ್ಚಿನ ವೈರು ಕಿತ್ತು ಇಂಜಿನ್ ಬ್ಲಾಕಿಗೆ ತಾಗಿಸಿ. ದೀಪ ಬಂದರೆ ಸ್ವಿಚ್ ಕೆಟ್ಟಿದೆ. ಬರದಿದ್ದರೆ ಬಲ್ಬ್, ಹೋಲ್ಡರ್ ಅಥವಾ ವೈರು.

ಬ್ಯಾಟರಿ ದೀಪದ ವಿಚಾರ ಯಾಕೆ ಇಷ್ಟು ಗೊಂದಲ?

ಯಾಕಂದರೆ ಅದು ಉಳಿದ ದೀಪಗಳ ಹಾಗೆ ಅಲ್ಲ. ಅದರ ಒಂದು ಕಾಲು ಕೀ ಸ್ವಿಚ್ಚಿನ ಸಪ್ಲೈಗೆ, ಇನ್ನೊಂದು ಕಾಲು ಆಲ್ಟರ್ನೇಟರಿನ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರದ) ಸಣ್ಣ ಟರ್ಮಿನಲ್‌ಗೆ. ಆ ಟರ್ಮಿನಲ್ ಮೇಲೆ ಸಾಮಾನ್ಯವಾಗಿ ಡಿ ಪ್ಲಸ್ (D+) ಅಥವಾ 61 ಅಂತ ಬರೆದಿರುತ್ತೆ. ಆಲ್ಟರ್ನೇಟರ್ ನಿಂತಿದ್ದಾಗ ಆ ಕಡೆ ಅರ್ತ್ ಸಿಗುತ್ತೆ, ದೀಪ ಉರಿಯುತ್ತೆ. ಚಾರ್ಜ್ ಶುರುವಾದ ಮೇಲೆ ಆ ಕಡೆಯೂ ಬ್ಯಾಟರಿಯಷ್ಟೇ ವೋಲ್ಟೇಜ್ ಬರುತ್ತೆ. ಎರಡೂ ಕಡೆ ಒಂದೇ ಆದಾಗ ಬಲ್ಬಿನಲ್ಲಿ ಕರೆಂಟ್ ಹರಿಯೋಕೆ ಕಾರಣವೇ ಇಲ್ಲ, ಆರಿಹೋಗುತ್ತೆ. ಅಂದರೆ ಈ ದೀಪ ಎರಡು ಕಡೆಯ ವ್ಯತ್ಯಾಸವನ್ನು ತೋರಿಸುತ್ತೆ. ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತೆ.

ಪೂರ್ತಿ ಉರೀತಿದೆ, ಆರುತ್ತಿಲ್ಲ: ಬೆಲ್ಟ್ ನೋಡಿ. ಆಮೇಲೆ ಇಂಜಿನ್ ಆಫ್ ಮಾಡಿ, ಡಿ ಪ್ಲಸ್ ವೈರು ಕಿತ್ತು, ಕೀ ಆನ್ ಮಾಡಿ. ಆರಿದರೆ ಆಲ್ಟರ್ನೇಟರ್ ಬಿಚ್ಚಬೇಕು. ಆರದಿದ್ದರೆ ಆ ವೈರು ಬಾಡಿಗೆ ಶಾರ್ಟ್ ಆಗಿದೆ.

ಮಂಕಾಗಿ ಉರೀತಿದೆ, ಹೆಡ್‌ಲೈಟ್ ಹಾಕಿದರೆ ಜಾಸ್ತಿಯಾಗುತ್ತೆ: ಸಪ್ಲೈ ಕಡೆ ವೋಲ್ಟೇಜ್ ಬೀಳುತ್ತಿದೆ. ಕೀ ಸ್ವಿಚ್, ಫ್ಯೂಸ್ ಬಾಕ್ಸ್, ಆಲ್ಟರ್ನೇಟರಿನಿಂದ ಬ್ಯಾಟರಿಗೆ ಹೋಗುವ ದಪ್ಪ ಕೇಬಲಿನ ತುದಿಗಳು, ಇವುಗಳಲ್ಲಿ ಒಂದು ಕೊಳೆತಿರುತ್ತೆ. ಆಲ್ಟರ್ನೇಟರಿನ ಒಳಗಿನ ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಹೋದರೂ ದೀಪ ಹೀಗೇ ಮಂಕಾಗಿ ಉರಿಯಬಹುದು.

ಕೀ ತೆಗೆದ ಮೇಲೂ ಮಂಕಾಗಿ ಉರೀತಿದೆ: ಆಲ್ಟರ್ನೇಟರಿನ ಡಯೋಡ್ ಶಾರ್ಟ್ ಆಗಿರುವ ಸಾಧ್ಯತೆ ಜಾಸ್ತಿ. ಬ್ಯಾಟರಿ ಕೇಬಲ್ ಬಿಚ್ಚಿಡಿ, ಇಲ್ಲದಿದ್ದರೆ ಬೆಳಗ್ಗೆ ಬ್ಯಾಟರಿ ಖಾಲಿ.

ಕೀ ಆನ್ ಮಾಡಿದಾಗ ಬರುವುದೇ ಇಲ್ಲ: ಡಿ ಪ್ಲಸ್ ವೈರು ಕಿತ್ತು ಬ್ಲಾಕಿಗೆ ತಾಗಿಸಿ. ಬಂದರೆ ವೈರಿಂಗ್ ಸರಿ, ಆಲ್ಟರ್ನೇಟರಿನ ಬ್ರಷ್ ಸವೆದಿರಬಹುದು. ಇಲ್ಲಿ ಎಚ್ಚರ, ತಾಗಿಸಬೇಕಾದ್ದು ಸಣ್ಣ ವೈರನ್ನು ಮಾತ್ರ. ಪಕ್ಕದ ದಪ್ಪ ಕೇಬಲ್ ನೇರ ಬ್ಯಾಟರಿಯಿಂದ ಬಂದಿದೆ, ಅದನ್ನು ಬಾಡಿಗೆ ತಾಗಿಸಿದರೆ ಬೆಂಕಿ.

ಚಾರ್ಜ್ ಆಗುತ್ತಿದೆಯೇ ಅಂತ ತಿಳಿಯಲು ಬ್ಯಾಟರಿ ಮೇಲೆ ಮಲ್ಟಿಮೀಟರ್ ಇಡಿ. ಇಂಜಿನ್ ಆಫ್ ಇದ್ದಾಗ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್, 24 ವೋಲ್ಟ್ ಗಾಡಿಯಲ್ಲಿ 25.2. ಇಂಜಿನ್ ಓಡುವಾಗ 13.8ರಿಂದ 14.4ರ ಒಳಗೆ, ದೊಡ್ಡ ಗಾಡಿಯಲ್ಲಿ 27.6ರಿಂದ 28.8ರ ಒಳಗೆ ಬಂದರೆ ಚಾರ್ಜಿಂಗ್ ಸರಿ ಇದೆ.

ಮೀಟರ್ ಬೋರ್ಡಿನ ಬಲ್ಬುಗಳನ್ನೆಲ್ಲ ಎಲ್‌ಇಡಿ ಮಾಡಿಸಬಹುದಾ?

ಲೈಟ್ ಹಾಕಿದಾಗ ಮೀಟರ್ ಬೆಳಗುವ ಬಲ್ಬುಗಳಿಗೆ ಮಾಡಿಸಿ, ತೊಂದರೆ ಇಲ್ಲ. ಬ್ಯಾಟರಿ ದೀಪವನ್ನು ಮಾತ್ರ ಮುಟ್ಟಬೇಡಿ. ಹಳೆ ಆಲ್ಟರ್ನೇಟರುಗಳು ಚಾರ್ಜ್ ಶುರು ಮಾಡಲು ಬೇಕಾದ ಮೊದಲ ಕರೆಂಟ್ ಈ ಬಲ್ಬಿನ ಮೂಲಕವೇ ಬರುತ್ತೆ. 12 ವೋಲ್ಟಿನ 2–3 ವ್ಯಾಟ್ ಬಲ್ಬ್ ಸುಮಾರು 0.2 ಆಂಪಿಯರ್ ಬಿಡುತ್ತೆ, ಎಲ್‌ಇಡಿ ಅದರ ಸಣ್ಣ ಪಾಲನ್ನು ಮಾತ್ರ ಬಿಡುತ್ತೆ. ಆಗ ಇಂಜಿನ್ ಜೋರಾಗಿ ರೇಸ್ ಮಾಡುವ ತನಕ ಚಾರ್ಜ್ ಆಗದೆ ಇರಬಹುದು. ಬಲ್ಬ್ ಸುಟ್ಟುಹೋದಾಗ ಬ್ಯಾಟರಿ ಇಳಿಯೋದಕ್ಕೂ ಇದೇ ಕಾರಣ. ಆಲ್ಟರ್ನೇಟರ್ ಬದಲಾಯಿಸುವ ಮುಂಚೆ ಈ ಬಲ್ಬ್ ಒಂದನ್ನು ನೋಡಿ.

ಬ್ರೇಕ್ ಒತ್ತಿದರೆ ಮೀಟರ್ ಬೋರ್ಡಿನಲ್ಲಿ ಬೇರೆ ಯಾವುದೋ ದೀಪ ಮಂಕಾಗಿ ಬರುತ್ತೆ. ಇದೇನು ವಿಚಿತ್ರ?

ವಿಚಿತ್ರ ಏನಿಲ್ಲ, ಹಿಂದಿನ ಲೈಟಿನ ಅರ್ತ್ ಹೋಗಿದೆ. ಕರೆಂಟಿಗೆ ಮನೆಗೆ ಹೋಗುವ ದಾರಿ ಮುಚ್ಚಿದರೆ ಅದು ಪಕ್ಕದವರ ಅಂಗಳ ಹಾದು ಹೋಗುತ್ತೆ, ಅಷ್ಟೇ.

ಹಿಂದಿನ ಲೈಟಿನಲ್ಲಿ ಎರಡು ತಂತಿ ಇರುವ ಒಂದೇ ಬಲ್ಬ್ ಇರುತ್ತೆ, 21 ವ್ಯಾಟ್ ಬ್ರೇಕಿಗೆ, 5 ವ್ಯಾಟ್ ಪಾರ್ಕಿಂಗಿಗೆ. ಎರಡಕ್ಕೂ ಅರ್ತ್ ಒಂದೇ. ಅದು ಕೊಳೆತಾಗ, ಬ್ರೇಕಿನ ಕರೆಂಟ್ 21 ವ್ಯಾಟಿನ ತಂತಿಯಲ್ಲಿ ಬಂದು, 5 ವ್ಯಾಟಿನ ತಂತಿಯಲ್ಲಿ ಹಿಂದಕ್ಕೆ ಹೋಗಿ, ಪಾರ್ಕಿಂಗ್ ವೈರು ಹಿಡಿದು ಮುಂದೆ ಬರುತ್ತೆ. ಆ ಪಾರ್ಕಿಂಗ್ ವೈರಿಗೇ ಮೀಟರ್ ಬೆಳಗುವ ಬಲ್ಬುಗಳೂ ಸೇರಿರುತ್ತವೆ. ಅವುಗಳ ಅರ್ತ್ ಚೆನ್ನಾಗಿದೆ, ಅಲ್ಲಿ ಕರೆಂಟ್ ಇಳಿಯುತ್ತೆ. ಹೀಗೆ ನೀವು ಬ್ರೇಕ್ ಒತ್ತಿದರೆ ಮೀಟರ್ ಮಿನುಗುತ್ತೆ. ಇಂಡಿಕೇಟರ್ ಹಾಕಿದಾಗ ಪಾರ್ಕಿಂಗ್ ಲೈಟ್ ಮಿಟುಕುವುದೂ ಇದೇ ಕಥೆ.

ಹುಡುಕುವ ರೀತಿ ಹೀಗೆ. ಒಬ್ಬರನ್ನು ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಮಲ್ಟಿಮೀಟರಿನ ಒಂದು ಮೊನೆ ಬ್ಯಾಟರಿಯ ಅರ್ತ್ ಕಂಬಕ್ಕೆ, ಇನ್ನೊಂದು ಮೊನೆ ಹಿಂದಿನ ಹೋಲ್ಡರಿನ ತಗಡಿಗೆ. 0.2 ವೋಲ್ಟಿನ ಒಳಗೆ ಬಂದರೆ ಅರ್ತ್ ಸರಿ. ಒಂದು ವೋಲ್ಟ್, ಎರಡು ವೋಲ್ಟ್ ಬಂದರೆ ದೋಷ ಸಿಕ್ಕಿತು. ಮೊನೆಯನ್ನು ಹೋಲ್ಡರಿನಿಂದ ಲೈಟಿನ ಬಾಡಿಗೆ, ಬಾಡಿಯಿಂದ ಬ್ರ್ಯಾಕೆಟ್ಟಿಗೆ, ಬ್ರ್ಯಾಕೆಟ್ಟಿನಿಂದ ಚಾಸಿಗೆ ಒಂದೊಂದೇ ಹೆಜ್ಜೆ ಸರಿಸಿ. ಎಲ್ಲಿ ವೋಲ್ಟ್ ಥಟ್ಟನೆ ಬೀಳುತ್ತೋ ಅಲ್ಲಿನ ಬೋಲ್ಟೇ ಕಳ್ಳ. ಅದನ್ನು ಬಿಚ್ಚಿದರೆ ವಾಷರಿನ ಕೆಳಗೆ ಪೇಂಟು, ಪೇಂಟಿನ ಕೆಳಗೆ ತುಕ್ಕಿನ ಪುಡಿ, ವೈರಿನ ತುದಿಯಲ್ಲಿ ಹಸಿರು ಕಿಲುಬು. ಹೊಳೆಯುವ ಲೋಹ ಕಾಣುವ ತನಕ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಹಚ್ಚಿ. ಗ್ರೀಸ್ ಹಚ್ಚಿ ಬಿಗಿಯುವುದಲ್ಲ, ಬಿಗಿದು ಹಚ್ಚುವುದು.

ಕ್ಯಾಬಿನ್ನಿಗೆ, ಇಂಜಿನ್ನಿಗೆ, ಚಾಸಿಗೆ ಪ್ರತ್ಯೇಕ ಅರ್ತ್ ಪಟ್ಟಿ ಇರುತ್ತೆ. ಕ್ಯಾಬಿನ್ ರಬ್ಬರ್ ಬುಷ್‌ಗಳ ಮೇಲೆ ಕೂತಿರೋದರಿಂದ ಪಟ್ಟಿ ಇಲ್ಲದಿದ್ದರೆ ಅದಕ್ಕೆ ಅರ್ತ್ ಸರಿಯಾಗಿ ಸಿಗುವುದಿಲ್ಲ. ಇಂಜಿನ್ ಇಳಿಸಿ ಏರಿಸಿದ ಮೇಲೆ ದೀಪಗಳು ಹುಚ್ಚಾಟ ಶುರು ಮಾಡಿದವು ಅಂದರೆ ಇಂಜಿನ್ ಪಟ್ಟಿ ಮತ್ತೆ ಹಾಕಿಲ್ಲ ಅಂತಲೇ ತಿಳಿದು ಹುಡುಕಿ.

ಸೈಡ್ ಇಂಡಿಕೇಟರ್ ಹಸಿರು ದೀಪ ಬೇಗ ಬೇಗ ಮಿಟುಕುತ್ತೆ.

ಆ ಕಡೆಯ ಒಂದು ಬಲ್ಬ್ ಹೋಗಿರುತ್ತೆ, ಅಥವಾ ಕಡಿಮೆ ವ್ಯಾಟಿನದು ಹಾಕಿರುತ್ತಾರೆ. ಇಂಥದ್ದು ಗೊತ್ತಾಗಲಿ ಅಂತಲೇ ಬಹಳಷ್ಟು ಫ್ಲ್ಯಾಶರ್ (ಇಂಡಿಕೇಟರ್ ಮಿಟುಕಿಸುವ ಡಬ್ಬಿ) ಹೀಗೆ ಮಾಡಿರುತ್ತಾರೆ. ಸರಿ ಇದ್ದರೆ ನಿಮಿಷಕ್ಕೆ 60ರಿಂದ 120 ಸಲ ಮಿಟುಕಬೇಕು.

ಎಡಕ್ಕೆ ಹಾಕಿದರೂ ಬಲಕ್ಕೆ ಹಾಕಿದರೂ ಒಂದೇ ಹಸಿರು ದೀಪ. ಈಗ ಅದು ಬರುತ್ತಿಲ್ಲ, ಹೊರಗಿನ ಲೈಟ್ ಸರಿ ಇವೆ.

ಕೆಲವು ಹಳೆ ಗಾಡಿಯಲ್ಲಿ ಆ ಬಲ್ಬಿನ ಒಂದು ಕಾಲು ಎಡದ ವೈರಿಗೆ, ಇನ್ನೊಂದು ಬಲದ ವೈರಿಗೆ. ಎಡ ಹಾಕಿದಾಗ ಕರೆಂಟ್ ಹಸಿರು ಬಲ್ಬ್ ದಾಟಿ, ಬಲಗಡೆಯ ಆರಿದ ಬಲ್ಬುಗಳ ಮೂಲಕ ಅರ್ತ್‌ಗೆ ಇಳಿಯುತ್ತೆ. ಜಾಣತನದ ಕೆಲಸ, ಒಂದು ಬಲ್ಬ್ ಉಳಿತಾಯ. ಆದರೆ ಹೊರಗೆ ಎಲ್‌ಇಡಿ ಹಾಕಿಸಿದರೆ ಆ ದಾರಿ ಮುಚ್ಚುತ್ತೆ. ಇತ್ತೀಚೆಗೆ ಎಲ್‌ಇಡಿ ಹಾಕಿಸಿದ್ದರೆ ವೈರಿಂಗ್ ಹುಡುಕುತ್ತಾ ಕೂರಬೇಡಿ. ಹಸಿರು ಬಲ್ಬಿಗೆ ಎರಡು ಡಯೋಡ್ ಮತ್ತು ಸ್ವಂತ ಅರ್ತ್ ಕೊಟ್ಟರೆ ಮುಗಿಯಿತು.

ಗುಂಡಿಗೆ ಇಳಿದಾಗ ಮಾತ್ರ ದೀಪ ಬಂದು ಹೋಗುತ್ತೆ. ನಿಲ್ಲಿಸಿ ನೋಡಿದರೆ ಎಲ್ಲ ಸರಿ.

ಇದು ನಿಜಕ್ಕೂ ತಲೆ ತಿನ್ನುವ ದೋಷ. ನಿಲ್ಲಿಸಿ ನೋಡಿದರೆ ಸಿಗುವುದಿಲ್ಲ, ನೀವೇ ಅಲ್ಲಾಡಿಸಬೇಕು. ಕೀ ಆನ್ ಮಾಡಿ, ಒಬ್ಬರು ಮೀಟರ್ ಬೋರ್ಡ್ ನೋಡುತ್ತಾ ಕೂರಲಿ. ಇನ್ನೊಬ್ಬರು ವೈರಿಂಗ್ ಕಟ್ಟನ್ನು ಗೇಣು ಗೇಣಾಗಿ ಅಲ್ಲಾಡಿಸುತ್ತಾ ಹೋಗಲಿ. ಎಳೆಯಬಾರದು, ಮೆಲ್ಲಗೆ ಬಗ್ಗಿಸಬೇಕು.

ಮೊದಲು ನೋಡಬೇಕಾದ್ದು ವೈರು ಬಾಗುವ ಜಾಗಗಳು. ಕ್ಯಾಬಿನ್ ಮುಂದಕ್ಕೆ ಬಾಗುವ ಲಾರಿಯಾದರೆ ಹಿಂಜಿನ ಹತ್ತಿರ. ಅಲ್ಲಿ ಪ್ರತಿ ಸಲ ಕ್ಯಾಬಿನ್ ಎತ್ತಿದಾಗಲೂ ವೈರು ಮಡಚಿ ಬಿಚ್ಚುತ್ತೆ. ಹೊರಗಿನ ತೊಗಲು ಸರಿಯಾಗೇ ಕಾಣುತ್ತೆ, ಒಳಗೆ ತಾಮ್ರ ಮುರಿದಿರುತ್ತೆ. ಅನುಮಾನದ ವೈರನ್ನು ಎರಡು ಬೆರಳಿನಲ್ಲಿ ಹಿಡಿದು ಸ್ವಲ್ಪ ಎಳೆದು ನೋಡಿ. ರಬ್ಬರಿನ ಹಾಗೆ ಹಿಗ್ಗಿದರೆ ಒಳಗೆ ತಾಮ್ರ ಇಲ್ಲ. ಇದಾದ ಮೇಲೆ ಸ್ಟೀರಿಂಗ್ ಕಂಬದ ಸುತ್ತ, ಇಂಜಿನ್ನಿನಿಂದ ಚಾಸಿಗೆ ದಾಟುವ ಕಡೆ, ಟ್ರೇಲರ್ ಇದ್ದರೆ ಅದರ ಸಾಕೆಟ್. ಸಾಕೆಟ್ಟಿನೊಳಗೆ ನೀರು, ಮಣ್ಣು ಸೇರಿ ಒಂದು ಪಿನ್ನಿನಿಂದ ಇನ್ನೊಂದಕ್ಕೆ ಕರೆಂಟ್ ದಾಟುತ್ತೆ. ಟ್ರೇಲರ್ ಕಳಚಿದಾಗ ದೋಷ ಹೋಗುತ್ತಾ ಅಂತ ನೋಡಿದರೆ ಅರ್ಧ ಗಾಡಿಯನ್ನು ಒಂದೇ ನಿಮಿಷದಲ್ಲಿ ಅನುಮಾನದ ಪಟ್ಟಿಯಿಂದ ತೆಗೆಯಬಹುದು.

ಮಳೆ ಬಂದಾಗ ಮಾತ್ರ ಬರುವ ದೋಷಕ್ಕೆ ಹೊಸ ಯೋಚನೆ ಬೇಡ. ಗಾಜಿನ ರಬ್ಬರ್ ಸೋರಿ ನೀರು ಫ್ಯೂಸ್ ಬಾಕ್ಸಿಗೆ ಇಳಿಯುತ್ತಿರಬಹುದು. ಕಾಲ ಬುಡದ ಮ್ಯಾಟ್ ಎತ್ತಿ ನೋಡಿ.

ಮೀಟರ್ ಬೋರ್ಡ್ ಬಿಚ್ಚುವಾಗ ಏನು ಎಚ್ಚರ?

ಬ್ಯಾಟರಿಯ ಅರ್ತ್ ಕೇಬಲ್ ಮೊದಲು ಬಿಚ್ಚಿ. ಸ್ಪೀಡೋಮೀಟರ್ ಕೇಬಲ್ ಹಿಂದಿನಿಂದ ಕಳಚದೆ ಬೋರ್ಡ್ ಎಳೆಯಬೇಡಿ. ಗಾಳಿ ಒತ್ತಡದ ಮೀಟರಿಗೆ ಕೆಲವು ಲಾರಿಯಲ್ಲಿ ನೇರ ಗಾಳಿ ಪೈಪೇ ಬಂದಿರುತ್ತೆ. ಅದನ್ನು ಬಿಚ್ಚಬೇಕಾದರೆ ಮೊದಲು ಟ್ಯಾಂಕಿನ ಗಾಳಿ ಖಾಲಿ ಮಾಡಿ, ಅದಕ್ಕೂ ಮುಂಚೆ ಚಕ್ರಕ್ಕೆ ಅಡ್ಡ ಇಡಿ. ಬಿಚ್ಚುವ ಮುಂಚೆ ಹಿಂಭಾಗದ ಫೋಟೋ ತೆಗೆಯಿರಿ, ಎರಡು ಮೂರು ಕೋನದಿಂದ.

ಹಿಂದೆ ತೆಳುವಾದ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ತಾಮ್ರದ ಗೆರೆಗಳು ಇದ್ದರೆ ಅದು ಪ್ರಿಂಟೆಡ್ ಸರ್ಕ್ಯೂಟ್. ಬಲ್ಬ್ ಹೋಲ್ಡರ್ ತಿರುಗಿಸಿ ಕೂರಿಸುವ ಕಡೆ ತಾಮ್ರ ಕಪ್ಪಾಗಿರುತ್ತೆ ಅಥವಾ ಎದ್ದಿರುತ್ತೆ. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಮರಳು ಕಾಗದ ಇಲ್ಲಿ ಬೇಡ, ತಾಮ್ರವೇ ಹೋಗಿಬಿಡುತ್ತೆ. ಗೆರೆ ಬಿರುಕು ಬಿಟ್ಟಿದ್ದರೆ ಎರಡೂ ಕಡೆ ತೆಳು ವೈರು ಬೆಸುಗೆ ಹಾಕಿ ದಾಟಿಸಬಹುದು. ಕೈ ಬೇಗ ಇರಲಿ, ಪ್ಲಾಸ್ಟಿಕ್ ಕರಗುತ್ತೆ.

ಡೀಸೆಲ್ ಮುಳ್ಳು, ಬಿಸಿ ಮುಳ್ಳು ಎರಡೂ ಒಟ್ಟಿಗೆ ಮೇಲಕ್ಕೆ ಹೋಗಿ ನಿಂತಿವೆ.

ಎರಡು ಸೆಂಡರ್ (ಟ್ಯಾಂಕಿನಲ್ಲಿ, ಇಂಜಿನ್ನಿನಲ್ಲಿ ಕೂತು ಮುಳ್ಳಿಗೆ ಅಳತೆ ಕಳಿಸುವ ಭಾಗ) ಒಟ್ಟಿಗೆ ಕೆಡುವುದಿಲ್ಲ. ಹಳೆ ಮೀಟರುಗಳ ಹಿಂದೆ ಒಂದು ಸಣ್ಣ ವೋಲ್ಟೇಜ್ ಸ್ಟೆಬಿಲೈಸರ್ ಇರುತ್ತೆ, 12 ವೋಲ್ಟ್ ಗಾಡಿಯಲ್ಲಿ ಸಾಮಾನ್ಯವಾಗಿ 10 ವೋಲ್ಟಿನ ಸರಾಸರಿ ಕೊಡುತ್ತೆ. ಅದರ ಅರ್ತ್ ಬಿಟ್ಟರೆ ಪೂರ್ತಿ ವೋಲ್ಟೇಜ್ ಹೋಗಿ ಎರಡೂ ಮುಳ್ಳು ಏರುತ್ತವೆ. ಮೊದಲು ಅದರ ಸ್ಕ್ರೂ ಬಿಗಿದು ನೋಡಿ.

ಫ್ಯೂಸ್ ಹಾಕಿದ ತಕ್ಷಣ ಹೋಗುತ್ತೆ. ದೊಡ್ಡ ಫ್ಯೂಸ್ ಹಾಕಬಹುದಾ?

ಬೇಡ. 10 ಆಂಪಿಯರ್ ಜಾಗಕ್ಕೆ 30 ಹಾಕಿದರೆ ಫ್ಯೂಸ್ ಉಳಿಯುತ್ತೆ, ವೈರು ಸುಡುತ್ತೆ. ತಂತಿ ಸುತ್ತಿ ಹಾಕುವವರ ಬಗ್ಗೆ ಮಾತಾಡುವುದೇ ಬೇಡ.

ಫ್ಯೂಸ್ ಪೆಟ್ಟಿಗೆ ಖಾಲಿ ಮಾಡುವ ಬದಲು ಹೀಗೆ ಮಾಡಿ. ಹೋದ ಫ್ಯೂಸ್ ತೆಗೆದು, ಅದರ ಎರಡು ಕಾಲಿನ ಜಾಗಕ್ಕೆ ಒಂದು 21 ವ್ಯಾಟ್ ಬಲ್ಬ್ ಹಚ್ಚಿ. ಗಾಡಿ 24 ವೋಲ್ಟ್ ಆದರೆ ಬಲ್ಬೂ 24 ವೋಲ್ಟಿನದೇ ಇರಲಿ. ಆ ಫ್ಯೂಸಿನಿಂದ ಹೋಗುವ ಎಲ್ಲ ಸ್ವಿಚ್ ಆಫ್ ಮಾಡಿ. ಬಲ್ಬ್ ಪೂರ್ತಿ ಪ್ರಕಾಶದಲ್ಲಿ ಉರಿದರೆ ಶಾರ್ಟ್ ಇದೆ. ಕರೆಂಟನ್ನು ಬಲ್ಬೇ ತಡೆಯುತ್ತೆ, ವೈರಿಗೆ ಅಪಾಯ ಇಲ್ಲ, ನಿಧಾನಕ್ಕೆ ಹುಡುಕಬಹುದು. ಈಗ ಆ ಲೈನಿನ ಕಪ್ಲರುಗಳನ್ನು ಒಂದೊಂದೇ ಬಿಚ್ಚಿ. ಯಾವುದನ್ನು ಬಿಚ್ಚಿದಾಗ ಬಲ್ಬ್ ಆರಿತೋ ಆ ಕೊಂಬೆಯಲ್ಲಿ ಶಾರ್ಟ್ ಇದೆ. ಅದನ್ನು ಮತ್ತೆ ಹಾಕಿ, ವೈರನ್ನು ಅಲ್ಲಾಡಿಸುತ್ತಾ ಹೋಗಿ. ಬಲ್ಬ್ ಮಿಟುಕಿದ ಜಾಗದಲ್ಲಿ ಕೈ ನಿಲ್ಲಿಸಿ.

ಬಲ್ಬ್ ಉರಿಯೋದಿಲ್ಲ ಅಂದರೆ ಸ್ವಿಚ್ ಹಾಕಿದ ಮೇಲೆ ಶಾರ್ಟ್ ಬರುತ್ತೆ. ಸ್ವಿಚ್ಚುಗಳನ್ನು ಒಂದೊಂದೇ ಹಾಕಿ ನೋಡಿ. ಇಲ್ಲಿ ಒಂದು ಮಾತು: ಸರಿ ಇರುವ ಲೈಟ್ ಹಾಕಿದರೂ ಈ ಬಲ್ಬ್ ಸ್ವಲ್ಪ ಉರಿಯುತ್ತೆ. ಪೂರ್ತಿ ಪ್ರಕಾಶ ಬಂದರೆ ಮಾತ್ರ ಅದು ಶಾರ್ಟ್.

ವೈರಿನ ಬಣ್ಣ ನಂಬಬಹುದಾ?

ಕಂಪನಿ ವೈರಿಂಗ್ ಹಾಗೇ ಇದ್ದರೆ ನಂಬಿ. ಇಪ್ಪತ್ತು ವರ್ಷದಲ್ಲಿ ನಾಲ್ಕು ಕೈ ಬದಲಾದ ಗಾಡಿಯಲ್ಲಿ ನಂಬಬೇಡಿ. ಕೈಗೆ ಸಿಕ್ಕ ಬಣ್ಣದ ವೈರು ಹಾಕಿರುತ್ತಾರೆ. ಬಣ್ಣಕ್ಕಿಂತ ಟರ್ಮಿನಲ್ ನಂಬರ್ ಮೇಲು. ಜರ್ಮನಿಯ ಡಿಐಎನ್ 72552 ಪದ್ಧತಿಯ ನಂಬರುಗಳು ಎಷ್ಟೋ ಗಾಡಿಗಳ ಸ್ವಿಚ್, ರಿಲೇ ಮೇಲೆ ಅಚ್ಚಾಗಿರುತ್ತವೆ: 30 ಅಂದರೆ ನೇರ ಬ್ಯಾಟರಿ, 15 ಅಂದರೆ ಕೀ ಆನ್ ಆದಾಗ ಬರುವ ಸಪ್ಲೈ, 31 ಅರ್ತ್, 50 ಸೆಲ್ಫ್ ಮೋಟಾರ್, 58 ಪಾರ್ಕಿಂಗ್ ಮತ್ತು ಮೀಟರ್ ಬೆಳಕು, 49 ಫ್ಲ್ಯಾಶರಿಗೆ ಬರುವುದು, 49ಎ ಫ್ಲ್ಯಾಶರಿನಿಂದ ಹೋಗುವುದು, 61 ಚಾರ್ಜ್ ದೀಪ. ಇಷ್ಟು ನೆನಪಿದ್ದರೆ ಡಯಾಗ್ರಾಂ ಇಲ್ಲದೆಯೂ ಬಹಳ ದೂರ ಹೋಗಬಹುದು.

24 ವೋಲ್ಟ್ ಗಾಡಿಯಲ್ಲಿ ಟೇಪ್ ರೆಕಾರ್ಡರಿಗೆ ಒಂದೇ ಬ್ಯಾಟರಿಯಿಂದ 12 ವೋಲ್ಟ್ ತೆಗೆದಿದ್ದಾರೆ. ತೊಂದರೆಯಾ?

ಹೌದು. ಒಂದು ಬ್ಯಾಟರಿ ಇಳಿಯುತ್ತೆ, ಇನ್ನೊಂದು ಜಾಸ್ತಿ ಚಾರ್ಜ್ ಆಗಿ ಕುದಿಯುತ್ತೆ. ಮೇಲಾಗಿ ಈ ವೈರಿಗೆ ಫ್ಯೂಸೇ ಇರುವುದಿಲ್ಲ. ಕಿತ್ತು ಹಾಕಿ, 24ರಿಂದ 12 ಮಾಡುವ ಕನ್ವರ್ಟರ್ ಹಾಕಿಸಿ.

ಗಾಳಿ ದೀಪ ಆರುವುದಿಲ್ಲ, ಮುಳ್ಳು ಸರಿಯಾದ ಒತ್ತಡ ತೋರಿಸುತ್ತೆ.

ಏರ್ ಬ್ರೇಕ್ ಗಾಡಿಯಲ್ಲಿ ಒತ್ತಡ ಸುಮಾರು 60 ಪಿಎಸ್‌ಐ ಹತ್ತಿರಕ್ಕೆ ಇಳಿದಾಗ ದೀಪ, ಬಜ್ಜರ್ ಎರಡೂ ಬರುವಂತೆ ಸ್ವಿಚ್ ಇರುತ್ತೆ. ಟ್ಯಾಂಕ್ ಒಂದಕ್ಕಿಂತ ಜಾಸ್ತಿ, ಸ್ವಿಚ್ಚೂ ಜಾಸ್ತಿ. ನೀವು ನೋಡುತ್ತಿರುವ ಮುಳ್ಳು ಒಂದು ಟ್ಯಾಂಕಿನದು, ದೀಪ ಹಾಕಿದ್ದು ಇನ್ನೊಂದು ಟ್ಯಾಂಕ್ ಇರಬಹುದು. ಎಲ್ಲ ಟ್ಯಾಂಕಿನ ಒತ್ತಡ ಬೇರೆ ಬೇರೆ ಅಳೆದ ಮೇಲೆ, ಸ್ವಿಚ್ಚಿನ ವೈರು ಒಂದೊಂದೇ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ದೀಪ ಆರುತ್ತೋ ಆ ಸ್ವಿಚ್ ಬದಲಾಯಿಸಿ. ವೈರು ಕಿತ್ತು ಹಾಗೇ ಬಿಟ್ಟು ಓಡಿಸುವುದು ಮಾತ್ರ ಖಂಡಿತ ಬೇಡ.

ತುಂಡಾದ ವೈರನ್ನು ಸೇರಿಸುವ ಸರಿಯಾದ ರೀತಿ ಯಾವುದು?

ತಿರುಚಿ ಟೇಪ್ ಸುತ್ತುವುದಲ್ಲ. ಇಂಜಿನ್ ಬಿಸಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತೆ, ನೀರು ಒಳಗೆ ಹೋಗುತ್ತೆ. ತಾಮ್ರ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ. ಅಷ್ಟೇ ದಪ್ಪದ ವೈರಿನ ತುಂಡು ಸೇರಿಸಿ. ಅಳತೆಗೆ ಸರಿಯಾದ ಸ್ಲೀವ್ ಹಾಕಿ ಕ್ರಿಂಪ್ ಮಾಡಿ (ಇಕ್ಕಳದಿಂದ ಒತ್ತಿ ಬಿಗಿದು), ಮೇಲೆ ಬಿಸಿ ಮಾಡಿದರೆ ಕುಗ್ಗುವ, ಒಳಗೆ ಅಂಟಿರುವ ಟ್ಯೂಬ್ ಹಾಕಿ. ಬೆಸುಗೆ ಹಾಕಿದರೂ ಸರಿ, ಆದರೆ ಬೆಸುಗೆ ಆದ ಕಡೆ ವೈರು ಗಟ್ಟಿಯಾಗಿ ಅದರ ಅಂಚಿನಲ್ಲಿ ಮುರಿಯುತ್ತೆ. ಅಲುಗಾಡುವ ಜಾಗದಲ್ಲಿ ಬೆಸುಗೆ ಬೇಡ, ಹಾಕಲೇಬೇಕಿದ್ದರೆ ಎರಡೂ ಪಕ್ಕ ಬಿಗಿಯಾಗಿ ಕಟ್ಟಿ.

ನಾಲ್ಕೈದು ವೈರು ಸೇರಿಸಬೇಕಿದ್ದರೆ ಎಲ್ಲ ಜಾಯಿಂಟ್ ಒಂದೇ ಕಡೆ ಬರದಂತೆ ಮುಂದೆ ಹಿಂದೆ ಕತ್ತರಿಸಿ.

ಚಾಸಿಗೆ ವೆಲ್ಡಿಂಗ್ ಮಾಡಿಸಿದ ಮೇಲೆ ದೀಪಗಳು ಕೆಟ್ಟವು.

ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ಕೇಬಲ್ ಎರಡೂ ಮತ್ತು ಆಲ್ಟರ್ನೇಟರಿನ ವೈರು ಬಿಚ್ಚಿರಬೇಕಿತ್ತು. ಈಗ ಆಲ್ಟರ್ನೇಟರಿನ ಡಯೋಡ್, ಎಲೆಕ್ಟ್ರಾನಿಕ್ ಫ್ಲ್ಯಾಶರ್, ವೆಲ್ಡಿಂಗ್ ಆದ ಜಾಗದ ಹಿಂದಿನ ವೈರಿಂಗ್, ಈ ಮೂರನ್ನು ನೋಡಿಸಿ. ಮುಂದಿನ ಸಲ ವೆಲ್ಡಿಂಗಿನ ಅರ್ತ್ ಕ್ಲ್ಯಾಂಪನ್ನು ಕೆಲಸ ಆಗುವ ಜಾಗದ ಹತ್ತಿರವೇ ಹಾಕಲು ಹೇಳಿ.

ಯಾವಾಗ ನಾನೇ ಮಾಡುವುದನ್ನು ಬಿಟ್ಟು ಎಲೆಕ್ಟ್ರಿಷಿಯನ್ ಹತ್ತಿರ ಹೋಗಬೇಕು?

ಸುಟ್ಟ ವಾಸನೆ ಬಂದರೆ ಆ ಕ್ಷಣವೇ ಬ್ಯಾಟರಿ ಕಳಚಿ, ಮತ್ತೆ ಹಾಕಿ ನೋಡುವ ಆಸೆ ಬೇಡ. ವೈರಿಂಗ್ ಕಟ್ಟಿನಲ್ಲಿ ಒಂದು ವೈರು ಕರಗಿದ್ದರೆ ಪಕ್ಕದ ನಾಲ್ಕು ವೈರೂ ಅಂಟಿಕೊಂಡಿರುತ್ತವೆ, ಇಡೀ ಕಟ್ಟು ಬಿಡಿಸಿ ನೋಡಬೇಕು. ಇಲಿ ಕಡಿದ ಕಟ್ಟಿಗೂ ಇದೇ ಮಾತು. ಕಣ್ಣಿಗೆ ಬಿದ್ದ ಒಂದು ಕಡಿತ ಸರಿ ಮಾಡಿ ಮುಚ್ಚಬೇಡಿ, ಇಲಿ ಒಂದೇ ಕಡೆ ಕಡಿದು ಸುಮ್ಮನಾಗುವುದಿಲ್ಲ. ಬ್ರೇಕಿಗೆ ಸಂಬಂಧಿಸಿದ ದೀಪ ಅರ್ಥವಾಗದಿದ್ದರೂ ಗಾಡಿ ನಿಲ್ಲಿಸಿ ತೋರಿಸಿ.

ಹೋಗುವಾಗ ನೀವು ಬರೆದ ಕಾಗದ ಜೊತೆಗಿರಲಿ: ಯಾವ ದೀಪ, ಕೀ ಆನ್‌ನಲ್ಲೋ ಇಂಜಿನ್ ಓಡುವಾಗಲೋ, ಬಿಸಿಯಾದ ಮೇಲೋ ತಣ್ಣಗಿದ್ದಾಗಲೋ, ಯಾವ ಸ್ವಿಚ್ ಹಾಕಿದಾಗ ಬದಲಾಗುತ್ತೆ, ಇತ್ತೀಚೆಗೆ ಏನು ಕೆಲಸ ಮಾಡಿಸಿದ್ದೀರಿ. "ದೀಪ ಬರ್ತಿಲ್ಲ, ನೋಡಿ" ಅಂತ ಕೀ ಕೊಟ್ಟು ಹೋದರೆ ಇದನ್ನೆಲ್ಲ ಅವರೇ ಮೊದಲಿನಿಂದ ಹುಡುಕಬೇಕು, ಆ ಸಮಯಕ್ಕೂ ಕೂಲಿ ನೀವೇ ಕೊಡಬೇಕು.